ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿದ ಮೇಲೆ ಯಾವ ಸೆನ್ಸರ್ ತೆಗೆಯಬೇಕು, ಯಾವುದನ್ನು ಎಲ್ಲಿಗೆ ಸರಿಸಬೇಕು: ಕೊಡಗಿನ ಘಟ್ಟಕ್ಕೂ ಮಳೆಗೂ ತಕ್ಕ ಸಮಗ್ರ ಮಾರ್ಗದರ್ಶಿ

ಪುತ್ತರಿ ಕಳೆದು ಗದ್ದೆ ಕೊಯ್ಲು ಮುಗಿಯಿತೆಂದರೆ ಗೋಣಿಕೊಪ್ಪಲು, ವಿರಾಜಪೇಟೆ ಕಡೆ ಆಟೋಕ್ರಾಸ್, ಅಂದರೆ ಮಣ್ಣಿನ ಹಾದಿಯ ಕಾರ್ ಸ್ಪರ್ಧೆಯ ಮಾತು ಶುರುವಾಗುತ್ತದೆ. ಹಳೆಯ ಜಿಪ್ಸಿ, ಎಸ್ಟೀಮ್, ಹೋಂಡಾ ಸಿಟಿಗಳು ಶೆಡ್‌ನಿಂದ ಹೊರಬರುತ್ತವೆ. ಕೆಲವಕ್ಕೆ ಕಂಪನಿಯ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ತೆಗೆದು ಮೆಗಾಸ್ಕ್ವರ್ಟ್, ಸ್ಪೀಡುಯಿನೊ, ಹಾಲ್ಟೆಕ್, ಲಿಂಕ್‌ನಂಥ ಹೊರಗಿನ ಇಸಿಯು ಕೂರಿಸುತ್ತಾರೆ. ಎಂಜಿನ್ ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಬರುವ ಪ್ರಶ್ನೆ: ಇನ್ನು ಹಳೇ ಸೆನ್ಸರ್‌ಗಳಲ್ಲಿ ಯಾವುದನ್ನೆಲ್ಲ ಕಿತ್ತುಹಾಕಬಹುದು?

ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹೊಸ ಇಸಿಯು ಯಾವ ಅಳತೆಗಳನ್ನು ನಂಬಿ ಪೆಟ್ರೋಲ್ ಮತ್ತು ಸ್ಪಾರ್ಕ್ ಲೆಕ್ಕ ಹಾಕುತ್ತದೆ? ಆ ಅಳತೆ ಎಂಜಿನ್ನಿನ ಯಾವ ಜಾಗದಲ್ಲಿ ಸರಿಯಾಗಿ ಸಿಗುತ್ತದೆ? ಸೆನ್ಸರ್ ದುಬಾರಿಯದ್ದೋ ಅಗ್ಗದ್ದೋ ಅನ್ನುವುದಕ್ಕಿಂತ ಅದು ಕೂತಿರುವ ಜಾಗವೇ ದೊಡ್ಡದು. ಸರಿಯಾದ ಸೆನ್ಸರನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಇಸಿಯು ಆ ತಪ್ಪು ಅಂಕಿಯನ್ನೇ ಪೂರ್ತಿ ನಂಬಿ ಕೆಲಸ ಮಾಡುತ್ತದೆ. ಪಿಸ್ಟನ್ ಸುಟ್ಟ ಮೇಲೆ ಕಾರಣ ಹುಡುಕುವುದಕ್ಕಿಂತ ಇದನ್ನು ಮೊದಲೇ ಮಾಡಿಕೊಳ್ಳುವುದು ಲೇಸು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ನೋಂದಣಿಯಾದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು ತಡೆಯುತ್ತದೆ, ಮಾಲಿನ್ಯ ತಪಾಸಣಾ ಪತ್ರವೂ ಕಡ್ಡಾಯ. ಹಾಗಾಗಿ ಈ ಬರಹ ಇರುವುದು ಸ್ಪರ್ಧೆಗೆಂದೇ ಕಟ್ಟಿದ ಗಾಡಿಗಳಿಗೆ. ಅಲ್ಲಿಯೂ ನಿಮ್ಮ ಕ್ಲಾಸಿನ ನಿಯಮದಲ್ಲಿ ಇಸಿಯು ಬದಲಾವಣೆಗೆ ಅವಕಾಶ ಇದೆಯೇ ಎಂದು ಭಾರತದ ಮೋಟಾರ್ ಸ್ಪರ್ಧೆಗಳ ಒಕ್ಕೂಟ ಎಫ್‌ಎಂಎಸ್‌ಸಿಐ ನಿಯಮಾವಳಿ ನೋಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಕಾರು ರಸ್ತೆಯಲ್ಲಿ ಓಡುತ್ತಿದ್ದರೆ ಅದರ ಸೆನ್ಸರ್‌ಗಳಿಗೆ ಕೈ ಹಾಕಬೇಡಿ.

ಮೊದಲು: ನಿಮ್ಮದು ಸ್ಟ್ಯಾಂಡ್‌ಅಲೋನ್ ಹೌದೋ ಅಲ್ಲವೋ

ಕಂಪನಿಯ ಇಸಿಯು ಗಾಡಿಯಲ್ಲೇ ಇದ್ದು, ಅದರ ವೈರುಗಳ ನಡುವೆ ಇನ್ನೊಂದು ಪೆಟ್ಟಿಗೆ ಸೇರಿಸಿದ್ದರೆ ಅದು ಪಿಗ್ಗಿಬ್ಯಾಕ್. ಅಂಥ ಗಾಡಿಯಲ್ಲಿ ಒಂದು ಸೆನ್ಸರನ್ನೂ ತೆಗೆಯಬಾರದು. ಹಳೆಯ ಇಸಿಯು ಇನ್ನೂ ಎಲ್ಲವನ್ನೂ ಓದುತ್ತಿರುತ್ತದೆ. ಒಂದು ಸಿಗ್ನಲ್ ಕಾಣೆಯಾದರೆ ಚೆಕ್ ಎಂಜಿನ್ ದೀಪ ಹತ್ತಿ, ಎಂಜಿನ್ ಶಕ್ತಿ ಕಡಿತಗೊಳಿಸುವ ಲಿಂಪ್ ಮೋಡ್‌ಗೆ ಹೋಗುತ್ತದೆ. ಹಳೆಯ ಇಸಿಯು ಪೂರ್ತಿ ಹೊರಬಂದು, ಇಂಜೆಕ್ಟರ್ ಮತ್ತು ಕಾಯಿಲ್ ಎರಡನ್ನೂ ಹೊಸದೇ ನಡೆಸುತ್ತಿದ್ದರೆ ಅದು ಸ್ಟ್ಯಾಂಡ್‌ಅಲೋನ್, ಆಗ ಮಾತ್ರ ಮುಂದಿನ ಮಾತು ನಿಮಗೆ ಅನ್ವಯ.

ಇನ್ನೊಂದು ನಡುದಾರಿ ಇದೆ. ಎಂಜಿನ್ ಹೊಸ ಇಸಿಯು ಕೈಯಲ್ಲಿ, ಆದರೆ ಮೀಟರ್, ಎಸಿ, ಇಮೊಬಿಲೈಸರ್‌ಗಾಗಿ ಹಳೆಯದನ್ನು ಉಳಿಸಿಕೊಂಡಿರುತ್ತಾರೆ. ಆಗ ಪ್ರತಿ ಸೆನ್ಸರ್‌ಗೂ ಇಬ್ಬರು ಓದುಗರು ಇರಬಹುದು. ಅದಕ್ಕೇ ಮುಂದಿನ ಪಟ್ಟಿ ಬೇಕು.

ವೈರಿಂಗ್ ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಂಜಿನ್ ಮೇಲಿನ ಒಂದೊಂದು ಕಪ್ಲರ್ ಹಿಡಿದು ಅದು ಯಾವ ಸೆನ್ಸರ್, ಎಷ್ಟು ವೈರ್, ಯಾವ ಬಣ್ಣ, ಇಸಿಯು ಅಲ್ಲದೆ ಬೇರೆ ಯಾರು ಅದನ್ನು ಓದುತ್ತಾರೆ ಎಂದು ಬರೆಯಿರಿ. ಕೊನೆಯ ಕಾಲಂ ತುಂಬಾ ಮುಖ್ಯ. ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್ ಹೊಸ ಇಸಿಯುಗೆ ಬೇಡದಿರಬಹುದು, ಆದರೆ ಸ್ಪೀಡೋಮೀಟರ್‌ಗೂ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ಗೂ ಅದೇ ಆಧಾರ ಆಗಿರಬಹುದು. ರೇಡಿಯೇಟರ್ ಫ್ಯಾನ್ ಹಲವು ಕಾರುಗಳಲ್ಲಿ ಕಂಪನಿ ಇಸಿಯು ಹೇಳಿದಾಗಲೇ ತಿರುಗುತ್ತದೆ. ಅದನ್ನು ಗಮನಿಸದೆ ಇಸಿಯು ತೆಗೆದರೆ ಸಂಪಾಜೆ ಘಟ್ಟ ಅರ್ಧ ಹತ್ತುವುದರೊಳಗೆ ನೀರು ಕುದಿಯುತ್ತದೆ.

ಎಬಿಎಸ್ ವೀಲ್ ಸೆನ್ಸರ್, ಏರ್‌ಬ್ಯಾಗ್ ಸೆನ್ಸರ್, ಡ್ರೈವ್-ಬೈ-ವೈರ್ (ಕೇಬಲ್ ಬದಲು ವಿದ್ಯುತ್ ಸಿಗ್ನಲ್ಲಿನಿಂದ ಥ್ರಾಟಲ್ ತೆರೆಯುವ) ಕಾರಿನ ಆಕ್ಸಿಲರೇಟರ್ ಪೆಡಲ್ ಸೆನ್ಸರ್: ಇವು ಈ ಪಟ್ಟಿಯಿಂದಲೇ ಹೊರಗೆ. ಪೆಡಲ್‌ನಲ್ಲಿ ಎರಡು ಸಿಗ್ನಲ್ ಇರುವುದು ಒಂದು ಕೆಟ್ಟರೆ ಇನ್ನೊಂದು ಹಿಡಿದುಕೊಡಲಿ ಎಂದು. ಅದರಲ್ಲೊಂದನ್ನು ಉಳಿತಾಯಕ್ಕೆಂದು ಬಿಡುವಂತಿಲ್ಲ.

ಪಟ್ಟಿ ಮುಗಿದ ಮೇಲೆ ಏನನ್ನೂ ಸರಿಸದೆ ಒಂದು ಲಾಗ್ (ಸೆನ್ಸರ್ ಅಂಕಿಗಳ ದಾಖಲೆ) ತೆಗೆಯಿರಿ. ಟ್ಯೂನರ್‌ಸ್ಟುಡಿಯೊ ಅಥವಾ ನಿಮ್ಮ ಇಸಿಯು ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ಕೋಲ್ಡ್ ಸ್ಟಾರ್ಟ್, ಬಿಸಿ ಐಡ್ಲಿಂಗ್, ಒಂದು ಏರು, ಒಂದು ಇಳಿಜಾರು ಇಷ್ಟು ಸಾಕು. ಮುಂದೆ ಒಂದೊಂದು ಸೆನ್ಸರ್ ಸರಿಸಿದಾಗಲೂ ಇದರ ಜೊತೆ ಹೋಲಿಸಬೇಕು. ಒಂದೇ ದಿನ ನಾಲ್ಕು ಸೆನ್ಸರ್ ಬದಲಿಸಿದರೆ ತೊಂದರೆ ಯಾವುದರಿಂದ ಬಂತೆಂದು ಹೇಳಲು ಬರುವುದಿಲ್ಲ. ಒಂದು ಸಲಕ್ಕೆ ಒಂದೇ.

ಗಾಳಿ ಅಳೆಯುವ ಸೆನ್ಸರ್‌ಗಳು: ಕೊಡಗಿನಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಜಾಗ

ಕೆಲವು ಎಂಜಿನ್‌ಗಳು ಏರ್ ಫಿಲ್ಟರ್ ನಂತರದ ಎಂಎಎಫ್ ಸೆನ್ಸರ್‌ನಿಂದ ಒಳಬರುವ ಗಾಳಿಯ ತೂಕವನ್ನೇ ಅಳೆಯುತ್ತವೆ. ಹೊರಗಿನ ಇಸಿಯುಗಳು ಸಾಮಾನ್ಯವಾಗಿ ಸ್ಪೀಡ್-ಡೆನ್ಸಿಟಿ ಲೆಕ್ಕದಲ್ಲಿ ನಡೆಯುತ್ತವೆ: ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪಿನ) ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ ಈ ಮೂರರಿಂದ ಗಾಳಿಯ ಪ್ರಮಾಣ ಅಂದಾಜಾಗುತ್ತದೆ. ಹಾಗಾಗಿ ಎಂಎಎಫ್ ನಿಜಕ್ಕೂ ತೆಗೆಯಬಹುದಾದ ಸೆನ್ಸರ್. ಗಾಳಿಯ ದಾರಿಯಲ್ಲಿ ಒಂದು ಅಡ್ಡಿಯೂ ಕಡಿಮೆ.

ತೆಗೆಯುವ ಮೊದಲು ಮೂರು ವಿಷಯ ನೋಡಿ. ಅನೇಕ ಎಂಎಎಫ್‌ಗಳ ಒಳಗೇ ಗಾಳಿಯ ಉಷ್ಣತೆಯ ಸೆನ್ಸರ್, ಅಂದರೆ ಐಎಟಿ ಇರುತ್ತದೆ. ಎಂಎಎಫ್ ಹೋದರೆ ಅದೂ ಹೋಯಿತು, ಬೇರೆ ಐಎಟಿ ಹಾಕಲೇಬೇಕು. ಎರಡನೆಯದು, ಐಡ್ಲಿಂಗ್ ವಾಲ್ವಿಗೆ ಹೋಗುವ ಹೋಸ್ ಮತ್ತು ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್ ಎಂಎಎಫ್‌ಗೂ ಥ್ರಾಟಲ್‌ಗೂ ನಡುವಿನ ಪೈಪಿನಿಂದ ಹೊರಟಿರುತ್ತವೆ. ಹೊಸ ಪೈಪಿನಲ್ಲಿ ಅವೆರಡಕ್ಕೂ ಕವಲು ಇರಲಿ. ಬ್ರೀದರ್ ಹೋಸನ್ನು ಬಾಯಿ ತೆರೆದು ನೇತುಬಿಟ್ಟರೆ ನಮ್ಮ ಕೆಮ್ಮಣ್ಣಿನ ಧೂಳು, ಮಳೆಗಾಲದಲ್ಲಿ ನೀರು ಸೀದಾ ಎಂಜಿನ್ ಆಯಿಲಿನ ಸಂಪ್ ಒಳಗೆ ಇಳಿಯುತ್ತದೆ. ಮೂರನೆಯದು, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಕೆಲಸ ಮಾಡುತ್ತಿರುವುದು ಲಾಗ್‌ನಲ್ಲಿ ಖಾತ್ರಿಯಾದ ಮೇಲೆಯೇ ಎಂಎಎಫ್ ಬಿಚ್ಚಿ.

ಇನ್ನು ಎಂಎಪಿ ಸೆನ್ಸರ್. ಮೆಗಾಸ್ಕ್ವರ್ಟ್ ಎಂಎಸ್2, ಸ್ಪೀಡುಯಿನೊ ಬೋರ್ಡ್‌ಗಳ ಮೇಲೆ 20ರಿಂದ 250 ಕಿಲೋಪಾಸ್ಕಲ್ ಅಳೆಯುವ ಎಂಪಿಎಕ್ಸ್4250 ಸೆನ್ಸರ್ ಇರುವುದು ರೂಢಿ. ಮ್ಯಾನಿಫೋಲ್ಡಿನಿಂದ ಅಲ್ಲಿಗೆ ಒಂದು ಸಣ್ಣ ಹೋಸ್ ಎಳೆಯಬೇಕು. ಕಂಪನಿಯ ಎಂಎಪಿ ಉಳಿಸಿಕೊಂಡರೂ ಅಡ್ಡಿಯಿಲ್ಲ, ಅದರ ಕ್ಯಾಲಿಬ್ರೇಷನ್ (ಎಷ್ಟು ವೋಲ್ಟೇಜಿಗೆ ಎಷ್ಟು ಒತ್ತಡ ಎಂಬ ಲೆಕ್ಕ) ಗೊತ್ತಿರಬೇಕು ಅಷ್ಟೆ. ಎರಡರಲ್ಲಿ ಯಾವುದಾದರೂ ಹೋಸ್ ಮಾತ್ರ ಥ್ರಾಟಲ್ ನಂತರದ ಪ್ಲೀನಂನಿಂದ (ಎಲ್ಲ ಸಿಲಿಂಡರಿಗೂ ಗಾಳಿ ಕೂಡುವ ಡಬ್ಬಿಯಿಂದ) ಹೊರಡಬೇಕು. ಒಂದೇ ಸಿಲಿಂಡರಿಗೆ ಹೋಗುವ ಕವಲು ಪೈಪು, ಅಂದರೆ ರನ್ನರ್‌ನಿಂದ ತೆಗೆದರೆ ಅಂಕಿ ಕುಣಿಯುತ್ತದೆ. ಬ್ರೇಕ್ ಬೂಸ್ಟರ್ ಹೋಸಿಗೆ ಟಿ ಹಾಕಿ ತೆಗೆಯುವುದನ್ನು ಕಂಡಿದ್ದೇನೆ, ಅದೂ ಬೇಡ. ಪ್ರತಿ ಬ್ರೇಕಿಗೂ ಮಿಕ್ಸ್ಚರ್ ಅಲುಗುತ್ತದೆ.

ಹೋಸ್ ಮೂರು-ನಾಲ್ಕು ಮಿಲಿಮೀಟರ್ ಒಳವ್ಯಾಸದ್ದು, ಗಟ್ಟಿ ಗೋಡೆಯದ್ದು, ಆದಷ್ಟು ಗಿಡ್ಡ ಇರಲಿ. ಸೆನ್ಸರ್ ಮೇಲೆ, ಮ್ಯಾನಿಫೋಲ್ಡ್ ಕೆಳಗೆ, ದಾರಿಯುದ್ದಕ್ಕೂ ಹೋಸ್ ಇಳಿಜಾರಾಗಿ ಬರಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಥಂಡಿಯಲ್ಲಿ ಹೋಸಿನೊಳಗೆ ನೀರು, ಪೆಟ್ರೋಲಿನ ಪಸೆ ಕೂಡುತ್ತದೆ. ಹೋಸ್ ಎಲ್ಲಾದರೂ ಜೋತುಬಿದ್ದಿದ್ದರೆ ಆ ಹೊಂಡದಲ್ಲಿ ನೀರು ನಿಂತು ಒತ್ತಡದ ಬದಲಾವಣೆ ತಡವಾಗಿ ತಲುಪುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಒಂದು ಕ್ಷಣ ಸತ್ತ ಹಾಗಾಗುವುದಕ್ಕೆ ಇದು ಮಾಮೂಲಿ ಕಾರಣ.

ಕೂರಿಸಿದ ಮೇಲೆ ಸುಲಭದ ಪರೀಕ್ಷೆ ಒಂದಿದೆ. ಎಂಜಿನ್ ಆಫ್ ಇರಲಿ, ಕೀ ಆನ್ ಮಾಡಿ ಎಂಎಪಿ ಅಂಕಿ ನೋಡಿ. ಅದು ಆ ಊರಿನ ಗಾಳಿಯ ಒತ್ತಡವೇ ಆಗಿರಬೇಕು. ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಯಲ್ಲಿ 88 ಕಿಲೋಪಾಸ್ಕಲ್ ಆಸುಪಾಸು, ಸುಮಾರು 830 ಮೀಟರಿನ ಕುಶಾಲನಗರದಲ್ಲಿ 92ರ ಹತ್ತಿರ, ಘಟ್ಟ ಇಳಿದು ಸುಳ್ಯ ಮುಟ್ಟಿದರೆ 100ರ ಸಮೀಪ. ಮಡಿಕೇರಿಯಲ್ಲಿ ನಿಂತ ಗಾಡಿ 100 ತೋರಿಸಿದರೆ ಕ್ಯಾಲಿಬ್ರೇಷನ್ ತಪ್ಪಿದೆ ಎಂದೇ ಅರ್ಥ. ಟ್ಯೂನಿಂಗ್‌ಗೆ ಕೈ ಹಾಕುವ ಮೊದಲು ಅದನ್ನು ಸರಿಮಾಡಿ.

ಮಡಿಕೇರಿ-ಸುಳ್ಯದ ಈ ವ್ಯತ್ಯಾಸ ಸಣ್ಣದಲ್ಲ. ಸ್ಪೀಡ್-ಡೆನ್ಸಿಟಿಯಲ್ಲಿ ಎಂಎಪಿ ನೇರವಾಗಿ ಅಬ್ಸೊಲ್ಯೂಟ್ ಒತ್ತಡ ಅಳೆಯುವುದರಿಂದ ಬಹುಪಾಲು ತಾನೇ ಸರಿಹೋಗುತ್ತದೆ. ಆದರೆ ಪ್ರತಿ ಸಿಲಿಂಡರಿಗೂ ಬೇರೆ ಥ್ರಾಟಲ್ ಬಾಡಿ ಹಾಕಿ, ಥ್ರಾಟಲ್ ತೆರೆದ ಪ್ರಮಾಣದಿಂದಲೇ ಪೆಟ್ರೋಲ್ ಲೆಕ್ಕ ಹಾಕುವ ಆಲ್ಫಾ-ಎನ್ ವಿಧಾನದಲ್ಲಿ ಗಾಡಿ ನಡೆಸುವವರು ಇಲ್ಲಿ ಜಾಗ್ರತೆ. ಆಗ ಎತ್ತರದ ಲೆಕ್ಕ ಹೊರಗಿನ ಗಾಳಿಯ ಒತ್ತಡ ಅಳೆಯುವ ಬ್ಯಾರೊ ಸೆನ್ಸರ್ ಒಂದರ ಮೇಲೇ ನಿಂತಿದೆ. ಕೆಲವು ಇಸಿಯುಗಳು ಕೀ ಆನ್ ಮಾಡಿದ ಕ್ಷಣದ ಎಂಎಪಿ ಅಂಕಿಯನ್ನೇ ಬ್ಯಾರೊ ಎಂದು ಹಿಡಿದು, ಮತ್ತೆ ಆಫ್ ಮಾಡುವವರೆಗೆ ಅದನ್ನೇ ಇಟ್ಟುಕೊಳ್ಳುತ್ತವೆ. ಮಡಿಕೇರಿಯಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸದೆ ಸುಳ್ಯಕ್ಕೆ ಇಳಿದರೆ ಇಸಿಯು ಇನ್ನೂ 88ರ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತಿರುತ್ತದೆ, ಎಂಜಿನ್ ಕುಡಿಯುತ್ತಿರುವುದು 100ರ ಗಾಳಿ. ಸುಮಾರು ಶೇ. 12ರಷ್ಟು ಲೀನ್, ಅಂದರೆ ಗಾಳಿಗೆ ಪೆಟ್ರೋಲ್ ಕಡಿಮೆ. ಹಾಗಿರುವಾಗ ಫುಲ್ ಥ್ರಾಟಲ್ ಕೊಟ್ಟರೆ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು) ಖಂಡಿತ ಎನ್ನುವಷ್ಟು ಅಪಾಯ. ಇಂಥ ಸೆಟಪ್‌ಗೆ ಸದಾ ಓದುತ್ತಿರುವ ಎರಡನೇ ಬ್ಯಾರೊ ಸೆನ್ಸರ್ ಹಾಕಲೇಬೇಕು. ಅದನ್ನು ಡ್ಯಾಶ್‌ಬೋರ್ಡಿನ ಹಿಂದೆ ಇಡಿ. ಗಾಳಿ ಎದುರು ಬಡಿಯುವ ಜಾಗ, ಏರ್‌ಬಾಕ್ಸ್, ಸೀಲ್ ಮಾಡಿದ ಡಬ್ಬಿ ಈ ಮೂರೂ ಬೇಡ.

ಐಎಟಿ: ಬಿಸಿ ಲೋಹದಿಂದ ದೂರ

ಸ್ಪೀಡ್-ಡೆನ್ಸಿಟಿಗೆ ಬಂದ ಮೇಲೆ ಈ ಸೆನ್ಸರಿನ ತೂಕ ಹೆಚ್ಚುತ್ತದೆ. ಗಾಳಿಯ ಸಾಂದ್ರತೆ ಕೆಲ್ವಿನ್ ಲೆಕ್ಕದ ಉಷ್ಣತೆಗೆ ವಿಲೋಮ. ಒಳಹೋಗುವ ಗಾಳಿ ನಿಜವಾಗಿ 35 ಡಿಗ್ರಿ ಇದ್ದು, ಮ್ಯಾನಿಫೋಲ್ಡಿನ ಬಿಸಿ ಹೀರಿದ ಸೆನ್ಸರ್ 70 ತೋರಿಸಿದರೆ ಇಸಿಯು ಹತ್ತಿರಹತ್ತಿರ ಶೇ. 10ರಷ್ಟು ಪೆಟ್ರೋಲ್ ಕಡಿತ ಮಾಡುತ್ತದೆ. ಲಾರಿಯ ಹಿಂದೆ ಮೊದಲ ಗೇರಿನಲ್ಲಿ ಸಂಪಾಜೆ ಹತ್ತಿ, ಒಂದು ಕಾಫಿ ಕುಡಿದು ಮತ್ತೆ ಸ್ಟಾರ್ಟ್ ಮಾಡಿದಾಗ ಗಾಡಿ ಕೆಮ್ಮುವುದು ಇದಕ್ಕೇ.

ಆದ್ದರಿಂದ ಐಎಟಿಯನ್ನು ಅಲ್ಯೂಮಿನಿಯಂ ಮ್ಯಾನಿಫೋಲ್ಡಿನಿಂದ ತೆಗೆದು ಥ್ರಾಟಲ್‌ಗಿಂತ ಮುಂಚಿನ ಪ್ಲಾಸ್ಟಿಕ್ ಅಥವಾ ರಬ್ಬರ್ ಪೈಪಿಗೆ ಸರಿಸಿ. ತುದಿ ತೆರೆದಿರುವ, ತಂತಿಜಾಲರಿಯಂಥ ಓಪನ್ ಎಲಿಮೆಂಟ್ ಸೆನ್ಸರ್ ಬೇಗ ಪ್ರತಿಕ್ರಿಯಿಸುತ್ತದೆ. ಹಿತ್ತಾಳೆ ಟೊಪ್ಪಿಯೊಳಗೆ ಮುಚ್ಚಿರುವಂಥದ್ದು ಕೂಲಂಟ್‌ಗೆ ಸರಿ, ಗಾಳಿಗೆ ನಿಧಾನ. ಟರ್ಬೊ ಇದ್ದರೆ ಇಂಟರ್‌ಕೂಲರ್ ನಂತರ ಇರಲಿ, ಟರ್ಬೊಗೆ ಮುಂಚೆ ಇಟ್ಟ ಐಎಟಿ ಏನನ್ನೂ ಹೇಳುವುದಿಲ್ಲ.

ಕೂಲಂಟ್ ಸೆನ್ಸರ್

ಇದನ್ನು ತೆಗೆಯುವ ಪ್ರಶ್ನೆಯೇ ಇಲ್ಲ. ಕೋಲ್ಡ್ ಸ್ಟಾರ್ಟ್, ವಾರ್ಮ್-ಅಪ್, ಫ್ಯಾನ್ ಎಲ್ಲವೂ ಇದರಿಂದ. ಕೇಳಬೇಕಾದದ್ದು ಹಳೆಯ ಸೆನ್ಸರನ್ನೇ ಬಳಸುವುದೋ, ಹೊಸದಕ್ಕೆ ಜಾಗ ಮಾಡುವುದೋ ಎಂದು.

ಹಲವು ಎಂಜಿನ್‌ಗಳಲ್ಲಿ ಎರಡು ಇರುತ್ತವೆ: ಒಂದು ವೈರಿನದ್ದು ಮೀಟರಿಗೆ, ಎರಡು ವೈರಿನದ್ದು ಇಸಿಯುಗೆ. ಮೀಟರಿನದ್ದನ್ನು ಮುಟ್ಟಬೇಡಿ. ಅದು ಥ್ರೆಡ್ ಮೂಲಕವೇ ಅರ್ಥ್ ಪಡೆಯುತ್ತದೆ, ಬಿಚ್ಚಿ ಹಾಕುವಾಗ ಟೆಫ್ಲಾನ್ ಟೇಪ್ ಹೆಚ್ಚು ಸುತ್ತಿದರೆ ಮೀಟರ್ ತಪ್ಪು ತೋರಿಸುತ್ತದೆ. ಒಂದೇ ಸೆನ್ಸರಿನ ಸಿಗ್ನಲ್ಲನ್ನು ಹಳೆಯ ಇಸಿಯುಗೂ ಹೊಸದಕ್ಕೂ ಕವಲು ಹಾಕಿ ಕೊಡಬಾರದು. ಎರಡರ ಒಳಗೂ ಸಿಗ್ನಲ್ ವೈರಿಗೆ ವೋಲ್ಟೇಜ್ ಕೊಡುವ ಪುಲ್-ಅಪ್ ರೆಸಿಸ್ಟರ್ ಇದ್ದು ಇಬ್ಬರಿಗೂ ಸುಳ್ಳು ಅಂಕಿ ಹೋಗುತ್ತದೆ.

ಜಾಗದ ನಿಯಮ: ಸಿಲಿಂಡರ್ ಹೆಡ್‌ನಿಂದ ಬಿಸಿ ನೀರು ಹೊರಬರುವ ಕಡೆ, ಥರ್ಮೋಸ್ಟ್ಯಾಟ್‌ಗೆ ಮುಂಚೆ. ಥರ್ಮೋಸ್ಟ್ಯಾಟ್ ದಾಟಿದ ಮೇಲೆ ಅಥವಾ ರೇಡಿಯೇಟರ್ ಕೆಳಗಿನ ಹೋಸಿನಲ್ಲಿ ಹಾಕಿದರೆ ಎಂಜಿನ್ ಬಿಸಿಯಾದರೂ ಇಸಿಯುಗೆ ತಣ್ಣಗೆ ಕಾಣುತ್ತದೆ, ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಗಾಳಿಗುಳ್ಳೆ ನಿಲ್ಲುವ ಎತ್ತರದ ಮೂಲೆಯೂ ಬೇಡ, ಸೆನ್ಸರಿನ ತುದಿ ಸದಾ ನೀರಿನಲ್ಲೇ ಮುಳುಗಿರಬೇಕು. ಹೊಸ ತೂತಿಗೆ ಥ್ರೆಡ್ ಹೊಡೆಸುವಾಗ ಸೆನ್ಸರನ್ನೂ ಲೇತ್ ಅಂಗಡಿಗೆ ಒಯ್ಯಿರಿ. ಜಿಎಂ ಮಾದರಿಯ ಸೆನ್ಸರ್‌ಗಳದ್ದು ಎನ್‌ಪಿಟಿ ಕೋನ ಥ್ರೆಡ್, ಜಪಾನಿ ಮತ್ತು ಬಾಶ್ ಸೆನ್ಸರ್‌ಗಳಲ್ಲಿ ಮೆಟ್ರಿಕ್ ಸಾಮಾನ್ಯ. ಕಣ್ಣಂದಾಜಿನಲ್ಲಿ ಒಂದೇ ತರಹ ಕಂಡು, ಬಲವಂತಕ್ಕೆ ಹೆಡ್ ಹೌಸಿಂಗ್ ಸೀಳುತ್ತದೆ. ಖಾಲಿಯಾದ ತೂತಿಗೆ ಅದೇ ಥ್ರೆಡ್ಡಿನ ಬೋಲ್ಟ್, ತಾಮ್ರದ ವಾಷರ್. ಎಂ-ಸೀಲ್ ಮೆತ್ತಿ ಮುಚ್ಚುವ ಜಾಗ ಅದಲ್ಲ.

ಸೆನ್ಸರ್ ಬದಲಾದರೆ ಕ್ಯಾಲಿಬ್ರೇಷನ್ನೂ ಬದಲಾಗಬೇಕು. ಜಿಎಂ ಸೆನ್ಸರ್ 30 ಡಿಗ್ರಿಯಲ್ಲಿ ಸುಮಾರು 2,240 ಓಮ್, 99ರಲ್ಲಿ 177 ಓಮ್. ಬಾಶ್‌ನ ಸಾಮಾನ್ಯ ಎನ್‌ಟಿಸಿ 20 ಡಿಗ್ರಿಯಲ್ಲಿ 2,500 ಓಮ್. ನಿಮ್ಮದು ಯಾವುದೆಂದು ಗೊತ್ತಿಲ್ಲದಿದ್ದರೆ ಮಂಜುಗಡ್ಡೆ ನೀರು, ಉಗುರುಬೆಚ್ಚಗಿನ ನೀರು, ಕುದಿಯುವ ನೀರು ಈ ಮೂರರಲ್ಲಿ ಮಲ್ಟಿಮೀಟರ್ ಹಿಡಿದು ಬರೆದುಕೊಳ್ಳಿ, ಜೊತೆಗೊಂದು ಥರ್ಮಾಮೀಟರ್ ಇರಲೇಬೇಕು. ಏಕೆಂದರೆ ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ 100 ಎಂದು ತುಂಬಿಸಿದರೆ ಆ ನಾಲ್ಕು ಡಿಗ್ರಿಯ ತಪ್ಪು ಫ್ಯಾನ್ ಆನ್ ಆಗುವ ಹೊತ್ತಿಗೂ ಬರುತ್ತದೆ.

ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್

ಕ್ರ್ಯಾಂಕ್, ಕ್ಯಾಮ್ ಶಾಫ್ಟುಗಳು ಯಾವ ಕೋನದಲ್ಲಿವೆ ಎಂದು ಇಸಿಯುಗೆ ಹೇಳುವ ಸೆನ್ಸರ್‌ಗಳಿವು. ಎಲ್ಲದರಲ್ಲೂ ಹೆಚ್ಚು ತಾಳ್ಮೆ ಬೇಡುವುದು ಇವೇ. ಹಳೆಯ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ಪೇ ಇಸಿಯುಗೆ ಆರ್‌ಪಿಎಂ ಕೊಡುತ್ತಿದ್ದರೆ, ಟೈಮಿಂಗ್ ಬೆಲ್ಟ್ ಮತ್ತು ಡ್ರೈವಿನ ಸಡಿಲವೆಲ್ಲ ಸ್ಪಾರ್ಕಿನ ಟೈಮಿಂಗ್‌ಗೆ ಸೇರುತ್ತದೆ. ಅದಕ್ಕೆ ಕ್ರ್ಯಾಂಕ್ ಪುಲ್ಲಿಗೇ ಹಲ್ಲಿನ ಚಕ್ರ ಹಾಕಿ ಅಲ್ಲಿ ಸೆನ್ಸರ್ ಕೂರಿಸುತ್ತಾರೆ. ಇದು ನಿಜಕ್ಕೂ ಲಾಭ ಕೊಡುವ ಸ್ಥಳಾಂತರ. 36-1 ಚಕ್ರದಲ್ಲಿ 36 ಹಲ್ಲುಗಳ ಜಾಗದಲ್ಲಿ ಒಂದು ಇಲ್ಲ, ಹಲ್ಲಿಂದ ಹಲ್ಲಿಗೆ 10 ಡಿಗ್ರಿ. 60-2ರಲ್ಲಿ ಎರಡು ಇಲ್ಲ, ಹಲ್ಲಿಗೆ 6 ಡಿಗ್ರಿ.

ಚಕ್ರವನ್ನು ಪುಲ್ಲಿಯ ಒಳಹಬ್‌ಗೆ ಹಿಡಿಸಿ. ಡ್ಯಾಂಪರ್ ಪುಲ್ಲಿಯ ಹೊರಗಿನ ಉಂಗುರ ರಬ್ಬರ್ ಮೇಲೆ ಕೂತಿರುತ್ತದೆ, ಹಳತಾದಂತೆ ಜಾರುತ್ತದೆ, ಅದರ ಜೊತೆ ಟೈಮಿಂಗೂ ಜಾರುತ್ತದೆ. ಚಕ್ರ ಅತ್ತಿತ್ತ ವಾಲಾಡದೆ ನೇರ ತಿರುಗಬೇಕು. ಸೆನ್ಸರಿಗೂ ಹಲ್ಲಿಗೂ ನಡುವಿನ ಗ್ಯಾಪ್ ಸೆನ್ಸರ್ ತಯಾರಕರು ಹೇಳಿದಷ್ಟೇ ಇರಲಿ, ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಮೀಟರ್ ಒಳಗೆ ಬರುತ್ತದೆ. ಬ್ರಾಕೆಟ್ ದಪ್ಪ ಪಟ್ಟಿಯದ್ದು, ಎರಡು ಬೋಲ್ಟಿನಲ್ಲಿ ಬ್ಲಾಕಿಗೇ ಬಿಗಿದದ್ದು ಇರಲಿ. ತೆಳು ತಗಡು ಆರ್‌ಪಿಎಂ ಏರಿದಾಗ ಅದುರಿ ಸುಳ್ಳು ಹಲ್ಲು ಎಣಿಸುತ್ತದೆ. ಮಾಂದಲಪಟ್ಟಿ ದಾರಿಯಂಥ ಕಲ್ಲುದಾರಿಯಲ್ಲಿ ಓಡುವ ಜಿಪ್ಸಿಗೆ ಕೆಳಗಿನಿಂದ ಕಲ್ಲು ಸಿಡಿಯದಂತೆ ಒಂದು ಅಡ್ಡತಗಡು ಕಡ್ಡಾಯ.

ಸೆನ್ಸರ್ ಎರಡು ವೈರಿನ ವಿಆರ್ (ಅಯಸ್ಕಾಂತ ಮತ್ತು ತಂತಿಸುರುಳಿಯದ್ದು) ಆದರೆ ಪೊಲಾರಿಟಿ ಮುಖ್ಯ. ತಿರುಗುಮುರುಗಾದರೂ ಎಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಕಾಣೆಯಾದ ಹಲ್ಲಿನ ಜಾಗವನ್ನು ತಪ್ಪಾಗಿ ಓದಿ ಆರ್‌ಪಿಎಂ ಏರಿದಾಗ ಸಿಂಕ್, ಅಂದರೆ ಕ್ರ್ಯಾಂಕಿನ ಜೊತೆ ಇಸಿಯು ಹೊಂದಾಣಿಕೆ ತಪ್ಪುತ್ತದೆ. ಮೂರು ವೈರಿನ ಹಾಲ್ ಸೆನ್ಸರಿಗೆ ವಿದ್ಯುತ್ ಪೂರೈಕೆ ಬೇಕು, ಹಲವಕ್ಕೆ ಪುಲ್-ಅಪ್ ಕೂಡ ಬೇಕು. ಎರಡಕ್ಕೂ ಶೀಲ್ಡ್ ಇರುವ ಕೇಬಲ್ಲೇ ಬಳಸಿ, ಶೀಲ್ಡನ್ನು ಇಸಿಯು ಕಡೆಯ ಒಂದು ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಕಾಯಿಲ್, ಪ್ಲಗ್ ವೈರ್, ಆಲ್ಟರ್ನೇಟರ್‌ನಿಂದ ಕೇಬಲ್ ದೂರ ಇರಲಿ.

ಸೆನ್ಸರ್ ಎಷ್ಟು ಡಿಗ್ರಿ ಸರಿಯಿತೋ ಅಷ್ಟೇ ಡಿಗ್ರಿ ಟೈಮಿಂಗ್ ಸರಿಯಿತು. ಸಾಫ್ಟ್‌ವೇರ್‌ನ ಟ್ರಿಗರ್ ಆಂಗಲ್ (ಕಾಣೆಯಾದ ಹಲ್ಲಿಗೂ ಮೊದಲ ಸಿಲಿಂಡರಿನ ಪಿಸ್ಟನ್ ತುದಿ ಮುಟ್ಟುವುದಕ್ಕೂ ನಡುವಿನ ಕೋನ) ತಿದ್ದದೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಕ್ರಮ ಹೀಗಿರಲಿ:

1. ಇಂಜೆಕ್ಟರ್ ಕಪ್ಲರ್‌ಗಳನ್ನು ಕಿತ್ತು, ಫ್ಯುಯೆಲ್ ಪಂಪ್ ಫ್ಯೂಸ್ ತೆಗೆಯಿರಿ.
2. ಮೊದಲ ಸಿಲಿಂಡರಿನ ನಿಜವಾದ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) ಹುಡುಕಿ ಪುಲ್ಲಿಯ ಮೇಲೆ ಬಿಳಿ ಗುರುತು ಹಾಕಿ. ಹಳೆಯ ಗುರುತನ್ನು ಪರೀಕ್ಷಿಸದೆ ನಂಬಬೇಡಿ.
3. ಸಾಫ್ಟ್‌ವೇರ್‌ನಲ್ಲಿ ಟೈಮಿಂಗನ್ನು ಟಿಡಿಸಿಗೆ ಮುಂಚಿನ 10 ಡಿಗ್ರಿಗೆ ಲಾಕ್ ಮಾಡಿ.
4. ಸ್ಟಾರ್ಟರ್ ತಿರುಗಿಸುತ್ತ ಟೈಮಿಂಗ್ ಲೈಟ್ ಹಿಡಿದು, ಗುರುತು 10ಕ್ಕೆ ಬರುವವರೆಗೆ ಟ್ರಿಗರ್ ಆಂಗಲ್ ತಿದ್ದಿ.
5. ಈಗ ಇಂಜೆಕ್ಟರ್ ಕಪ್ಲರ್‌ಗಳನ್ನೂ ಪಂಪ್ ಫ್ಯೂಸನ್ನೂ ಜೋಡಿಸಿ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲೂ ಸುಮಾರು 3,000 ಆರ್‌ಪಿಎಂನಲ್ಲೂ ಮತ್ತೆ ನೋಡಿ.

ಆರ್‌ಪಿಎಂ ಏರಿದಂತೆ ಗುರುತು ಮೆಲ್ಲಗೆ ಒಂದೇ ಕಡೆಗೆ ಸರಿದರೆ ಸೆನ್ಸರ್ ಸರ್ಕ್ಯೂಟಿನ ವಿಳಂಬ ಅಥವಾ ಪೊಲಾರಿಟಿ ನೋಡಿ. ಗುರುತು ಹಾರಾಡಿದರೆ ನಾಯ್ಸ್ (ಬೇರೆ ವೈರುಗಳ ವಿದ್ಯುತ್ ಅಡಚಣೆ), ಗ್ಯಾಪ್ ಅಥವಾ ಅದುರುವ ಬ್ರಾಕೆಟ್. ಎರಡೂ ಕಡೆ 10ರಲ್ಲೇ ನಿಂತರೆ ಮಾತ್ರ ಲಾಕ್ ಬಿಡಿ.

ಕ್ಯಾಮ್ ಸೆನ್ಸರ್ ವೇಸ್ಟೆಡ್ ಸ್ಪಾರ್ಕ್ (ಎರಡು ಸಿಲಿಂಡರಿಗೆ ಒಟ್ಟಿಗೆ ಸ್ಪಾರ್ಕ್), ಬ್ಯಾಚ್ ಇಂಜೆಕ್ಷನ್ (ಹಲವು ಇಂಜೆಕ್ಟರ್ ಒಟ್ಟಿಗೆ) ಸೆಟಪ್‌ಗೆ ಬೇಕಿಲ್ಲ. ಸೀಕ್ವೆನ್ಷಿಯಲ್ ಇಂಜೆಕ್ಷನ್ (ಒಂದೊಂದು ಇಂಜೆಕ್ಟರ್ ತನ್ನ ಸರದಿಯಲ್ಲಿ), ಪ್ಲಗ್ಗಿಗೊಂದು ಕಾಯಿಲ್ ಇದ್ದರೆ ಬೇಕು. ಬೇಡದಿದ್ದರೂ ಸೆನ್ಸರನ್ನು ಅಲ್ಲೇ ಬಿಟ್ಟು ಕಪ್ಲರಿಗೆ ಟೋಪಿ ಹಾಕುವುದು ನನ್ನ ಸಲಹೆ. ಕಿತ್ತರೆ ಆ ತೂತಿನಿಂದ ಆಯಿಲ್ ಸೋರುತ್ತದೆ, ನಾಳೆ ಸೀಕ್ವೆನ್ಷಿಯಲ್‌ಗೆ ಹೋಗುವ ಮನಸ್ಸಾದರೆ ಮತ್ತೆ ಕೆಲಸ.

ಆಕ್ಸಿಜನ್ ಸೆನ್ಸರ್

ಹಳೆಯ ನ್ಯಾರೋಬ್ಯಾಂಡ್ ಸೆನ್ಸರ್ ರಿಚ್ (ಪೆಟ್ರೋಲ್ ಹೆಚ್ಚು) ಅಥವಾ ಲೀನ್ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಟ್ಯೂನಿಂಗ್‌ಗೆ ವೈಡ್‌ಬ್ಯಾಂಡ್ ಬೇಕು, ಸಾಮಾನ್ಯವಾಗಿ ಬಾಶ್ ಎಲ್‌ಎಸ್‌ಯು 4.9. ಎರಡಕ್ಕೂ ಎಂ18×1.5 ಥ್ರೆಡ್ಡೇ ಆದ್ದರಿಂದ ಹಳೆಯ ತೂತಿಗೇ ಕೂರುತ್ತದೆ. ಆದರೆ ಆ ತೂತು ಹೆಡ್ಡಿಗೆ ತೀರಾ ಹತ್ತಿರ ಇದ್ದರೆ ಸೆನ್ಸರ್ ಬಿಸಿಯಲ್ಲಿ ಬೇಯುತ್ತದೆ. ಎಲ್ಲ ಸಿಲಿಂಡರಿನ ಪೈಪು ಕೂಡಿದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮುಂಚೆ ಹೊಸ ಬಂಗ್ (ಸೆನ್ಸರ್ ಕೂರುವ ಥ್ರೆಡ್ ಬಳೆ) ವೆಲ್ಡ್ ಮಾಡಿಸಿ. ಟರ್ಬೊ ಇದ್ದರೆ ಟರ್ಬೊ ನಂತರ.

ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ, ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿ ನಿಲ್ಲಬೇಕು. ಸೈಲೆನ್ಸರ್ ಪೈಪಿನೊಳಗೆ ಕೂಡುವ ನೀರು ಸೆನ್ಸರಿನೊಳಗೆ ಇಳಿಯಬಾರದು. ಒಳಗಿನ ಸೆರಾಮಿಕ್ ಕೆಂಪಗೆ ಕಾಯ್ದಿರುವಾಗ ಒಂದು ಹನಿ ನೀರು ಬಿದ್ದರೂ ಸೀಳುತ್ತದೆ. ನಮ್ಮ ಮಳೆಗಾಲದ ಬೆಳಗಿನಲ್ಲಿ ಪೈಪಿನೊಳಗೆ ನೀರಿಲ್ಲದ ದಿನವೇ ಇಲ್ಲ. ಹಾಗಾಗಿ ಸೆನ್ಸರಿನ ಹೀಟರ್ ಎಂಜಿನ್ ಸ್ಟಾರ್ಟ್ ಆದ ಮೇಲೆಯೇ ಆನ್ ಆಗುವಂತೆ ರಿಲೇ ಅಥವಾ ಕಂಟ್ರೋಲರ್ ಹೊಂದಿಸಿ. ತೊರೆ ದಾಟುವ ಗಾಡಿಗಳಲ್ಲಿ ಬಂಗ್ ಇನ್ನಷ್ಟು ಎತ್ತರಕ್ಕೆ, ಹೊರಗಿನಿಂದ ನೀರು ಎರಚದ ಮೂಲೆಗೆ ಇರಲಿ. ವೈಡ್‌ಬ್ಯಾಂಡಿಗೆ ಕರೆಂಟ್ ಕೊಡದೆ ಎಂಜಿನ್ ಓಡಿಸಿದರೆ ಮಸಿ ಕಟ್ಟಿ ಸೆನ್ಸರ್ ಹಾಳು. ಕಂಟ್ರೋಲರ್ ಕೆಟ್ಟ ದಿನ ಸೆನ್ಸರ್ ಬಿಚ್ಚಿ ಪ್ಲಗ್ ಹಾಕಿ ಓಡಿಸಿ. ಎಕ್ಸಾಸ್ಟ್ ಜಾಯಿಂಟಿಗೆ ಸೆನ್ಸರ್-ಸೇಫ್ ಎಂದು ಬರೆಯದ ಸಿಲಿಕೋನ್ ಗ್ಯಾಸ್ಕೆಟ್ ಹಚ್ಚಬೇಡಿ, ಅದರ ಹಬೆಯೂ ಸೆನ್ಸರಿಗೆ ವಿಷ.

ಅಂಕಿ ಓದುವಾಗ ಎಎಫ್‌ಆರ್‌ಗಿಂತ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಲ್ಯಾಂಬ್ಡಾ (ಅದೇ ಅನುಪಾತವನ್ನು ಆ ಇಂಧನದ ಸರಿಯಾದ ಅನುಪಾತದಿಂದ ಭಾಗಿಸಿದ್ದು) ಬಳಸಿ. ಶುದ್ಧ ಪೆಟ್ರೋಲಿಗೆ 14.7 ಸರಿಯಾದರೆ ಬಂಕಿನಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆತ ಇ20ಗೆ 13.5ರ ಆಸುಪಾಸು. ಲ್ಯಾಂಬ್ಡಾ 1 ಎಂದರೆ ಎರಡಕ್ಕೂ ಒಂದೇ.

ಹಿಂದಿನ ಎರಡನೇ ಸೆನ್ಸರ್ ಇರುವುದು ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು. ಸ್ಪರ್ಧೆಯ ಗಾಡಿಯಲ್ಲಿ ಹೊಸ ಇಸಿಯು ಅದನ್ನು ಓದುವುದಿಲ್ಲವಾದರೆ ತೆಗೆದು ಎಂ18 ಪ್ಲಗ್ ಹಾಕಬಹುದು. ಸೆನ್ಸರ್ ಹೋಯಿತೆಂದು ಕನ್ವರ್ಟರನ್ನೂ ಒಡೆದು ಎಸೆಯುವುದು ಮಾತ್ರ ಬೇಡ. ಈ ಕಾಡಿನ ಗಾಳಿಯನ್ನು ಉಸಿರಾಡುವವರು ನಾವೇ.

ಉಳಿದವು

ಥ್ರಾಟಲ್ ಪೊಸಿಷನ್ ಸೆನ್ಸರ್ ಅಲ್ಲೇ ಇರಲಿ. ಮುಚ್ಚಿದಾಗ, ಪೂರ್ತಿ ತೆರೆದಾಗ ಎರಡು ಅಂಕಿ ಹೊಸದಾಗಿ ಕಲಿಸಿದರೆ ಮುಗಿಯಿತು.

ನಾಕ್ ಸೆನ್ಸರ್ ಬ್ಲಾಕಿನ ಮೇಲೆ ಕಂಪನಿ ಇಟ್ಟ ಜಾಗವೇ ಉತ್ತಮ. ಬ್ರಾಕೆಟ್ ಮೇಲೆ, ವಾಷರ್ ಹಾಕಿ, ಬಣ್ಣದ ಮೇಲೆ ಕೂರಿಸಬೇಡಿ. ಲೋಹಕ್ಕೆ ಲೋಹ ತಾಗಬೇಕು, ಬಾಶ್‌ನ ಚಪ್ಪಟೆ ಸೆನ್ಸರಿಗೆ 20 ನ್ಯೂಟನ್-ಮೀಟರ್ ಟಾರ್ಕ್. ಇಸಿಯುನಲ್ಲಿ ನಾಕ್ ಫ್ರೀಕ್ವೆನ್ಸಿ ಕೇಳಿದರೆ 1,800ನ್ನು ಪೈಯಿಂದಲೂ (3.14) ಬೋರ್‌ನ (ಸಿಲಿಂಡರಿನ ಒಳವ್ಯಾಸದ) ಮಿಲಿಮೀಟರಿನಿಂದಲೂ ಭಾಗಿಸಿ. ಜಿಪ್ಸಿ, ಎಸ್ಟೀಮ್‌ಗಳ 1.3 ಲೀಟರ್ ಎಂಜಿನ್ನಿನ ಬೋರ್ 74 ಮಿಲಿಮೀಟರ್, ಬರುವುದು ಸುಮಾರು 7.7 ಕಿಲೋಹರ್ಟ್ಜ್. ಶುರುಮಾಡಲು ಇದು ಸಾಕು.

ಆಯಿಲ್ ಪ್ರೆಶರ್ ಸೆನ್ಸರ್ ಹೊಸದಾಗಿ ಹಾಕುವವರು ಬ್ಲಾಕಿನ ಮೇಲೆ ಹಿತ್ತಾಳೆ ಅಡಾಪ್ಟರ್‌ಗಳ ಮೇಲೆ ಅಡಾಪ್ಟರ್ ಸೇರಿಸಿ ನೇತುಹಾಕುತ್ತಾರೆ. ಅದುರಿ ಅದುರಿ ಥ್ರೆಡ್ಡಿನಲ್ಲೇ ಮುರಿದು ಆಯಿಲ್ ಪೂರ್ತಿ ಹೊರಗೆ ಬರುತ್ತದೆ. ಸಣ್ಣ ಬ್ರೇಡೆಡ್ ಹೋಸ್ ಎಳೆದು ಸೆನ್ಸರನ್ನು ಬಾಡಿಯ ಗೋಡೆಗೆ ಹಿಡಿಸಿ.

ವೈರಿಂಗ್ ಮತ್ತು ಮಳೆ

ಸರಿಸಿದ ಸೆನ್ಸರ್‌ಗೆ ಹಳೆಯ ವೈರ್ ಸಾಲದಾಗುತ್ತದೆ. ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವ ಕೆಲಸ ಈ ಜಿಲ್ಲೆಯಲ್ಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಹೊಸ ವೈರನ್ನೇ ಕಪ್ಲರಿನಿಂದ ಇಸಿಯುವರೆಗೆ ಒಂದೇ ತುಂಡಾಗಿ ಎಳೆಯಿರಿ. ಜೋಡಿಸಲೇಬೇಕಾದರೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿ. ರಬ್ಬರ್ ಸೀಲ್ ಇರುವ ಕಪ್ಲರ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಪ್ರತಿ ಕಪ್ಲರಿನ ಹಿಂದೆ ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ವೈರ್ ಹಿಡಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಸೆನ್ಸರ್‌ಗಳ ಅರ್ಥ್ ಎಲ್ಲವೂ ಇಸಿಯುನ ಸೆನ್ಸರ್ ಗ್ರೌಂಡ್ ಪಿನ್ನಿಗೇ ಹೋಗಬೇಕು, ಸಿಕ್ಕ ಬೋಲ್ಟಿಗಲ್ಲ. ಪರೀಕ್ಷೆ ಸುಲಭ: ಐಡ್ಲಿಂಗ್‌ನಲ್ಲಿ ಲಾಗ್ ನೋಡುತ್ತ ಹೆಡ್‌ಲೈಟ್, ವೈಪರ್, ಫ್ಯಾನ್ ಆನ್ ಮಾಡಿ. ಆ ಕ್ಷಣಕ್ಕೇ ಕೂಲಂಟ್ ಅಥವಾ ಥ್ರಾಟಲ್ ಅಂಕಿ ಜಿಗಿದರೆ ಅರ್ಥ್ ತಪ್ಪು ಜಾಗದಲ್ಲಿದೆ.

ಬಿಚ್ಚಿದ ಸೆನ್ಸರ್‌ಗಳಿಗೂ ಹಳೆಯ ಇಸಿಯುಗೂ ಚೀಟಿ ಕಟ್ಟಿ ಸಿಲಿಕಾ ಜೆಲ್ ಜೊತೆ ಗಾಳಿ ಆಡದ ಡಬ್ಬಿಯಲ್ಲಿಡಿ. ಇಲ್ಲಿನ ತೇವಕ್ಕೆ ಪಿನ್ನುಗಳು ಬೇಗ ಹಸಿರು ಹಿಡಿಯುತ್ತವೆ.

ರಸ್ತೆಯ ಪರೀಕ್ಷೆ

ಎಲ್ಲ ಮುಗಿದ ಮೇಲೆ ಕುಶಾಲನಗರದಿಂದ ಮಡಿಕೇರಿಗೆ ಹತ್ತಿ, ಅಲ್ಲಿಂದ ಸಂಪಾಜೆಗೆ ಇಳಿದು, ವಾಪಸ್ ಹತ್ತಿ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ನೋಡುವವರು ಬೇರೆ ಇರಲಿ, ಚಾಲಕ ರಸ್ತೆ ನೋಡಲಿ. ಮೊದಲ ಸುತ್ತು ಮೆಲ್ಲಗೆ. ಏರಿನಲ್ಲಿ ಐಎಟಿ, ಕೂಲಂಟ್, ಲ್ಯಾಂಬ್ಡಾ ಗಮನಿಸಿ. ಇಳಿಜಾರಿನಲ್ಲಿ ಬ್ಯಾರೊ ಅಂಕಿ ಹಂತಹಂತವಾಗಿ ಏರುತ್ತಿದೆಯೇ ನೋಡಿ. ಸಂಪಾಜೆಯಲ್ಲಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಬಿಸಿ ಸ್ಟಾರ್ಟ್ ಮಾಡಿ, ಐಎಟಿ ಸರಿಯಾದ ಜಾಗದಲ್ಲಿ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಸಿಂಕ್ ಲಾಸ್ ಕೌಂಟರ್ ಪೂರ್ತಿ ದಾರಿಯಲ್ಲಿ ಸೊನ್ನೆಯಲ್ಲೇ ಇರಬೇಕು. ಒಂದೇ ಒಂದು ಬಂದರೂ ಕ್ರ್ಯಾಂಕ್ ಸೆನ್ಸರಿನ ಗ್ಯಾಪ್ ಮತ್ತು ಶೀಲ್ಡ್ ನೋಡದೆ ಫುಲ್ ಥ್ರಾಟಲ್ ಬೇಡ.

ಮನೆಗೆ ಬಂದು ಎಂಜಿನ್ ತಣಿದ ಮೇಲೆ ಬ್ರಾಕೆಟ್ ಬೋಲ್ಟುಗಳನ್ನು ಮತ್ತೆ ಬಿಗಿದು ನೋಡಿ, ಕೂಲಂಟ್ ಪ್ಲಗ್ಗಿನ ಸುತ್ತ ಒದ್ದೆ ಇದೆಯೇ ಸವರಿ ನೋಡಿ, ಕ್ರ್ಯಾಂಕ್ ಸೆನ್ಸರಿನ ತುದಿಗೆ ಅಂಟಿದ ಕಬ್ಬಿಣದ ಪುಡಿ ಒರೆಸಿ ಗ್ಯಾಪ್ ಇನ್ನೊಮ್ಮೆ ಅಳೆಯಿರಿ. ಮೊದಲ ಜೋರು ಮಳೆಯಲ್ಲಿ ಓಡಿಸಿದ ಮೇಲೆಯೂ ಇಷ್ಟನ್ನೂ ಮತ್ತೊಂದು ಸಲ ಮಾಡಿ.